ಹವಾಯನ್ ಗಿಟಾರ್ ಕಿಟ್ ವಿಮರ್ಶೆ: 1953ರವರೆಗೆ ಪರವಾಗಿಲ್ಲ

ಮೊದಲೇ ಹೇಳಿಬಿಡುತ್ತೇವೆ: ಸಾಮಾನ್ಯ ಗಿಟಾರನ್ನು ಹವಾಯನ್ ಗಿಟಾರ್ ಮಾಡಿಕೊಳ್ಳುವ ಈ ಕಿಟ್ ಕೊಳ್ಳಬಹುದು. ಆದರೆ ಡಬ್ಬಿಯಲ್ಲಿ ಬಂದ ಹಾಗೇ ಗಿಟಾರ್‌ಗೆ ಹಾಕಿ ನುಡಿಸಲು ಕೂತರೆ ಬೇಗ ಬೇಸರ ಬಂದು ಮೂಲೆ ಸೇರುತ್ತದೆ. ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿಗಳು ಕೂರುವ ಪಟ್ಟಿ) ಸಮ ಮಾಡಿಸಿ, ಬಾರ್ (ತಂತಿಗಳ ಮೇಲೆ ಜಾರಿಸುವ ಲೋಹದ ತುಂಡು) ಬೇರೆ ಮಾಡಿಸಿ, ತಂತಿ ಬದಲಿಸಿದರೆ ಅಮೆರಿಕದ ಗಾಯಕ ಹ್ಯಾಂಕ್ ವಿಲಿಯಮ್ಸ್ ಕಾಲದ ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಸಂಗೀತ) ಹಾಡುಗಳಲ್ಲಿ ಕೇಳುವ ಸ್ಟೀಲ್ ಗಿಟಾರ್, ಅಂದರೆ ಬಾರ್ ಜಾರಿಸಿ ನುಡಿಸುವ ಗಿಟಾರ್, ಇದರಲ್ಲಿ ದಕ್ಕುತ್ತದೆ. ಅದಕ್ಕಿಂತ ಈಚಿನದು ದಕ್ಕುವುದಿಲ್ಲ, ಎಷ್ಟು ಸಾಧನೆ ಮಾಡಿದರೂ ಅಷ್ಟೇ. ಗೆರೆ ಎಳೆಯಬೇಕಾದದ್ದು 1953ಕ್ಕೆ. ಕೊಳ್ಳುವ ಮುಂಚೆ ನಿಮಗೆ ಬೇಕಾದ ಹಾಡು ಆ ಗೆರೆಯ ಯಾವ ಕಡೆ ಇದೆ ಅಂತ ನೋಡಿಕೊಳ್ಳಿ.

ಬ್ರ್ಯಾಂಡ್ ಹೆಸರಿಲ್ಲದ ಮಾಲು ಇದು. ದಾವಣಗೆರೆಯಲ್ಲಿ ವಾದ್ಯದ ಅಂಗಡಿಯವರಿಗೆ ಹೇಳಿದರೆ ತರಿಸಿಕೊಡುತ್ತಾರೆ, ಆನ್‌ಲೈನ್‌ನಲ್ಲೂ ಇದೆ. ಡಬ್ಬಿಯಲ್ಲಿ ಇರುವುದು: ನಟ್ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಎತ್ತರಿಸುವ ಲೋಹದ ತುಂಡು, ಕ್ರೋಮ್ ಬಣ್ಣದ ಬಾರ್, ಬೆರಳಿಗೆ ಹಾಕಿಕೊಂಡು ತಂತಿ ಮೀಟುವ ಎರಡು ಲೋಹದ ಫಿಂಗರ್ ಪಿಕ್, ಹೆಬ್ಬೆರಳಿಗೆ ಒಂದು ಪ್ಲಾಸ್ಟಿಕ್ ಥಂಬ್ ಪಿಕ್, ಒಂದು ಸೆಟ್ ಬ್ರಾಂಜ್ ತಂತಿ. ಯಾವುದೇ ಸಾಮಾನ್ಯ ಅಕೂಸ್ಟಿಕ್ ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ ನುಡಿಸುವ ಹವಾಯನ್ ಗಿಟಾರ್ ಮಾಡಿಕೊಳ್ಳಲು ಇಷ್ಟು ಸಾಕು ಅನ್ನುವುದು ಮಾರುವವರ ಮಾತು. ಬೆಲೆ ಅಂಗಡಿಯಿಂದ ಅಂಗಡಿಗೆ ಬದಲಾಗುವುದರಿಂದ ಇಲ್ಲಿ ಬರೆದು ಪ್ರಯೋಜನವಿಲ್ಲ. ಒಂದು ಲೆಕ್ಕ ಮಾತ್ರ ಇಟ್ಟುಕೊಳ್ಳಿ: ಇದರಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ನಟ್ ಮತ್ತು ಪಿಕ್‌ಗಳು. ಇವು ಬಿಡಿಯಾಗಿ ಸಿಗುವುದಾದರೆ ಬಿಡಿಯಾಗಿಯೇ ತಗೊಳ್ಳಿ.

ನಮ್ಮ ಕಡೆ ಮಾರುವ ಕಿಟ್‌ಗಳು ಹೀಗಿರುವುದಕ್ಕೆ ಕಾರಣ ಇದೆ. ನಮ್ಮ ದೇಶದಲ್ಲಿ ಹವಾಯನ್ ಗಿಟಾರ್ ಬೆಳೆದದ್ದು ಒಂದೇ ತಂತಿಯ ಮೇಲೆ ರಾಗ ಎಳೆಯುವ ದಾರಿಯಲ್ಲಿ. ಬ್ರಿಜ್ ಭೂಷಣ್ ಕಾಬ್ರಾ ಹಿಂದೂಸ್ತಾನಿ ಸಂಗೀತಕ್ಕೆ ತಂದದ್ದೂ ಹಾಗೆ, ಸುನೀಲ್ ಗಂಗೂಲಿ ಸಿನಿಮಾ ಹಾಡು ನುಡಿಸಿದ್ದೂ ಹಾಗೆ. ಆ ಕೆಲಸಕ್ಕೆ ಬಾರ್ ಗಿಡ್ಡಗಿದ್ದರೂ ನಡೆಯುತ್ತದೆ, ತಂತಿಗಳೆಲ್ಲ ಒಂದೇ ಮಟ್ಟದಲ್ಲಿ ಇಲ್ಲದಿದ್ದರೂ ನಡೆಯುತ್ತದೆ. ಕಂಟ್ರಿ ಸ್ಟೀಲ್‌ನಲ್ಲಿ ಎರಡು ಮೂರು ತಂತಿ ಒಟ್ಟಿಗೇ ಮೊಳಗಬೇಕು, ಒಟ್ಟಿಗೇ ಜಾರಬೇಕು. ಕಿಟ್‌ನ ಕೊರತೆಗಳೆಲ್ಲ ಬಯಲಾಗುವುದು ಅಲ್ಲೇ.

ಈಗ 1953ರ ವಿಷಯ. ಆ ವರ್ಷದ ಕೊನೆಯಲ್ಲಿ ಕಂಟ್ರಿ ಗಾಯಕ ವೆಬ್ ಪಿಯರ್ಸ್ ‘ಸ್ಲೋಲಿ’ ಎಂಬ ಹಾಡನ್ನು ಧ್ವನಿಮುದ್ರಿಸಿದರು. ಸ್ಟೀಲ್ ನುಡಿಸಿದವರು ಬಡ್ ಐಸಾಕ್ಸ್. ಅವರ ವಾದ್ಯಕ್ಕೆ ಕಾಲಲ್ಲಿ ಒತ್ತುವ ಪೆಡಲ್ ಇತ್ತು. ಪೆಡಲ್ ಅದಕ್ಕೂ ಮುಂಚೆ ಇದ್ದದ್ದೇ, ಆದರೆ ಹೆಚ್ಚಾಗಿ ಒಂದು ಶ್ರುತಿಯಿಂದ ಇನ್ನೊಂದಕ್ಕೆ ಹೋಗಲು ಬಳಸುತ್ತಿದ್ದರು. ತಂತಿ ಮೊಳಗುತ್ತಿರುವಾಗಲೇ ಪೆಡಲ್ ಒತ್ತಿ, ಸ್ವರ ಏರುವುದು ಕೇಳುಗರಿಗೆ ಕೇಳುವ ಹಾಗೆ ಮಾಡಿದ್ದು ಐಸಾಕ್ಸ್. 1954ರಲ್ಲಿ ಹಾಡು ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, ಸ್ಟೀಲ್ ವಾದಕರು ಪೆಡಲ್ ಹಿಂದೆ ಬಿದ್ದರು.

ಪೆಡಲ್ ಮಾಡುವುದೇನು ಎಂಬುದು ನಮ್ಮ ಸ್ವರಗಳಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಇವತ್ತಿನ ಹತ್ತು ತಂತಿಯ ಪೆಡಲ್ ಸ್ಟೀಲ್‌ಗೆ ಇ9 ಶ್ರುತಿ. ಪಾಶ್ಚಾತ್ಯ ಸ್ವರ ‘ಇ’ಯನ್ನು ಷಡ್ಜ ಅಂತ ಇಟ್ಟುಕೊಳ್ಳಿ. ಎ ಪೆಡಲ್ ಒತ್ತಿದರೆ 5 ಮತ್ತು 10ನೇ ತಂತಿಯ ಪಂಚಮ ಏರಿ ಚತುಶ್ರುತಿ ಧೈವತವಾಗುತ್ತದೆ. ಬಿ ಪೆಡಲ್ ಒತ್ತಿದರೆ 3 ಮತ್ತು 6ನೇ ತಂತಿಯ ಗಾಂಧಾರ ಏರಿ ಶುದ್ಧ ಮಧ್ಯಮವಾಗುತ್ತದೆ. ಎರಡನ್ನೂ ಒತ್ತಿದಾಗ ಸ-ಗ-ಪ ಇದ್ದದ್ದು ಸ-ಮ-ಧ ಆಯಿತು. ಸ ಮಾತ್ರ ಅಲುಗಾಡದೆ ನಿಂತಿದೆ, ಉಳಿದೆರಡು ಅದರ ಪಕ್ಕದಲ್ಲೇ ಮೇಲೇರಿವೆ. ಕೈಯಲ್ಲಿ ಹಿಡಿದ ಬಾರ್‌ನಿಂದ ಇದು ಆಗದ ಕೆಲಸ, ಯಾಕೆಂದರೆ ಬಾರ್ ಜರುಗಿದರೆ ಅದರ ಕೆಳಗಿರುವ ಎಲ್ಲ ತಂತಿಗಳೂ ಜರುಗುತ್ತವೆ. ಹಾಡು ಕೇಳುವಾಗ ಪರೀಕ್ಷೆಯೂ ಇದೇ: ಯೂಟ್ಯೂಬ್‌ನಲ್ಲಿ ವೇಗ ಅರ್ಧಕ್ಕೆ ಇಳಿಸಿ. ಸ್ವರಗಳೆಲ್ಲ ಒಟ್ಟಿಗೆ ಜಾರಿದರೆ ಅದು ಬಾರ್. ಒಂದು ನಿಂತು ಇನ್ನೊಂದು ಮಾತ್ರ ಜಾರಿದರೆ ಬಹುಪಾಲು ಪೆಡಲ್, ಈ ಕಿಟ್‌ಗೆ ನಿಲುಕುವುದಿಲ್ಲ.

ಕಿಟ್‌ಗೆ ಬರೋಣ. ನಟ್ ತುಂಡು ಇದ್ದುದರಲ್ಲಿ ಒಳ್ಳೆಯದು. ಗಿಟಾರ್‌ನ ಮೂಲ ನಟ್ ಮೇಲೆ ಟೋಪಿಯ ಹಾಗೆ ಕೂರುತ್ತದೆ, ಅಂಟು ಮೊಳೆ ಬೇಡ, ತಂತಿಯ ಬಿಗಿಯೇ ಹಿಡಿದಿಡುತ್ತದೆ. ತಂತಿಗಳು ಫ್ರೆಟ್‌ನಿಂದ (ಕುತ್ತಿಗೆಯ ಮೇಲಿನ ಅಡ್ಡ ಕಂಬಿ) 9–10 ಎಂ.ಎಂ. ಮೇಲೇಳುತ್ತವೆ. ಬಾರ್ ಒತ್ತಿದರೂ ಫ್ರೆಟ್‌ಗೆ ತಗುಲದಷ್ಟು ಎತ್ತರ, ಸಾಕು. ತೊಂದರೆ ಇರುವುದು ತಂತಿ ಕೂರುವ ಕಚ್ಚುಗಳಲ್ಲಿ. ಅಚ್ಚಿನಲ್ಲಿ ಎರಕ ಹೊಯ್ದ ಲೋಹವಾದ್ದರಿಂದ ಕಚ್ಚಿನ ಅಂಚು ಚೂಪಾಗಿ ಉಳಿದಿರುತ್ತದೆ. ತೆಳು ತಂತಿ ಶ್ರುತಿ ಏರಿಸುವಾಗ ಅಲ್ಲೇ ಸಿಕ್ಕಿ, ‘ಟಿಂಕ್’ ಅಂತ ಜಿಗಿದು, ಕೊನೆಗೆ ಅಲ್ಲೇ ತುಂಡಾಗುತ್ತದೆ. 600 ನಂಬರಿನ ವಾಟರ್ ಪೇಪರ್ ಮಡಚಿ ಪ್ರತಿ ಕಚ್ಚಿನಲ್ಲೂ ಹತ್ತಿಪ್ಪತ್ತು ಸಲ ಎಳೆಯಿರಿ, ಆಮೇಲೆ ಪೆನ್ಸಿಲ್ ಸೀಸ ಉಜ್ಜಿ. ಮುಂದೆ ತಂತಿ ಬದಲಿಸುವಾಗ ಒಂದು ತೆಗೆದು ಒಂದು ಹಾಕಿ. ಆರೂ ಒಟ್ಟಿಗೆ ಬಿಚ್ಚಿದರೆ ನಟ್ ಕಳಚಿ ಬೀಳುತ್ತದೆ, ಮತ್ತೆ ಮಧ್ಯಕ್ಕೆ ಕೂರಿಸುವುದು ತಲೆನೋವು.

ಇನ್ನೊಂದು ತುದಿಯ ಬಗ್ಗೆ ಕಿಟ್ ಮಾಡಿದವರು ಯೋಚನೆಯನ್ನೇ ಮಾಡಿಲ್ಲ. ನಟ್ ಕಡೆ ತಂತಿಗಳು ಸಮತಟ್ಟಾದವು. ಬ್ರಿಡ್ಜ್ ಮೇಲಿನ ಸ್ಯಾಡಲ್ ಮಾತ್ರ ಮೊದಲಿನ ಹಾಗೇ ಬಿಲ್ಲಿನಂತೆ ಬಾಗಿದೆ, ಬೆರಳಲ್ಲಿ ಒತ್ತಿ ನುಡಿಸುವವರಿಗೆ ಅನುಕೂಲವಾಗಲಿ ಅಂತ. 12 ಇಂಚು ತ್ರಿಜ್ಯದ ಸ್ಯಾಡಲ್‌ನಲ್ಲಿ ನಡುವಿನ ತಂತಿಗಳು ಅಂಚಿನವಕ್ಕಿಂತ ಸುಮಾರು 1 ಎಂ.ಎಂ. ಎತ್ತರ ಇರುತ್ತವೆ. 1 ಎಂ.ಎಂ. ಏನು ಮಹಾ ಅನ್ನಿಸಬಹುದು, ಆದರೆ ಬಾರ್ ನೇರ. ಅದು 3 ಮತ್ತು 4ನೇ ತಂತಿಯ (ಎಣಿಕೆ ತೆಳು ತಂತಿಯಿಂದ) ಮೇಲೆ ಕೂತರೆ 1 ಮತ್ತು 6ನೇ ತಂತಿಗೆ ಅರೆಬರೆ ತಗುಲಿ ಜರ್ ಅನ್ನುತ್ತವೆ. ಅದನ್ನು ನಿಲ್ಲಿಸಲು ಬಾರ್ ಅದುಮುತ್ತೀರಿ, ಅದುಮಿದರೆ ನಡುವಿನ ತಂತಿಗಳ ಸ್ವರ ಏರುತ್ತದೆ, ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳು) ಅಪಸ್ವರ. ಹೊಸಬರು ಇದನ್ನು ತಮ್ಮ ಕೈದೋಷ ಅಂದುಕೊಳ್ಳುತ್ತಾರೆ.

ನೋಡುವುದು ಹೀಗೆ: 12ನೇ ಫ್ರೆಟ್ ಆಚೆಗೆ, ಸೌಂಡ್‌ಹೋಲ್ ಹತ್ತಿರ, ತಂತಿಗಳ ಮೇಲೆ ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ಅಡ್ಡಲಾಗಿ ನಿಲ್ಲಿಸಿ, ಹಿಂದೆ ಮೊಬೈಲ್ ಬೆಳಕು ಹಿಡಿಯಿರಿ. ಅಂಚಿನ ತಂತಿಗಳ ಮೇಲೆ ಬೆಳಕಿನ ಗೆರೆ ಕಂಡರೆ ಸ್ಯಾಡಲ್ ಬದಲಾಗಬೇಕು. ಪ್ಲಾಸ್ಟಿಕ್ ಸ್ಯಾಡಲ್ ಬಿಡಿಯಾಗಿ ಸಿಗುತ್ತದೆ. ಅದರ ತಲೆಯನ್ನು ಗಾಜಿನ ಮೇಲೆ ಅಂಟಿಸಿದ ಎಮರಿ ಪೇಪರ್ ಮೇಲೆ ಉಜ್ಜಿ ಸಮತಟ್ಟು ಮಾಡಿ. ಹಳೆಯದನ್ನೇ ಉಜ್ಜಬೇಡಿ, ಗಿಟಾರನ್ನು ಮುಂದೆ ಮಾಮೂಲಿ ರೀತಿ ನುಡಿಸಬೇಕಾದಾಗ ಅದೇ ಬೇಕು. ಹೊಸದು ಹಳೆಯದರ ನಡುಭಾಗಕ್ಕಿಂತ ಗಿಡ್ಡ ಆಗದಿರಲಿ. ಒಂದೆರಡು ಎಂ.ಎಂ. ಹೆಚ್ಚಿದ್ದರೂ ಅಡ್ಡಿಯಿಲ್ಲ, ಇಲ್ಲಿ ಯಾರೂ ತಂತಿಯನ್ನು ಫ್ರೆಟ್‌ಗೆ ಒತ್ತುವುದಿಲ್ಲ. ಈ ಒಂದು ಕೆಲಸ ಬಿಟ್ಟು ಉಳಿದದ್ದೆಲ್ಲ ಮಾಡಿದರೆ ದುಡ್ಡು ದಂಡ.

ಬಾರ್ ಬಗ್ಗೆ ಒಳ್ಳೆಯ ಮಾತು ಹೇಳಲು ಏನೂ ಇಲ್ಲ. 16 ಎಂ.ಎಂ. ದಪ್ಪ, 60 ಎಂ.ಎಂ. ಉದ್ದ, ತೂಕ ಸುಮಾರು 95 ಗ್ರಾಂ. ಹಗುರ ಬಾರ್ ತಂತಿಯ ಮೇಲೆ ತಾನಾಗಿ ಕೂರುವುದಿಲ್ಲ, ಮತ್ತೆ ಅದುಮಬೇಕು, ಮತ್ತೆ ಅದೇ ಅಪಸ್ವರ. ಉದ್ದವೂ ಸಾಲದು: ಆರು ತಂತಿಗಳ ಹರವು ಬ್ರಿಡ್ಜ್ ಕಡೆ ಐವತ್ತು ಎಂ.ಎಂ. ದಾಟುತ್ತದೆ, ಬಾರ್ ಓರೆ ಹಿಡಿದರೆ ಒಂದು ತಂತಿ ಹೊರಗೇ ಉಳಿಯುತ್ತದೆ. ಕ್ರೋಮ್ ಲೇಪನದ ಕೆಳಗೆ ಮಾಮೂಲಿ ಕಬ್ಬಿಣ. ಬೇಸಿಗೆಯ ಬೆವರಿಗೆ ಲೇಪನ ಗುಳ್ಳೆ ಎದ್ದು ತಂತಿಯ ಮೇಲೆ ಕೆರೆಯಲು ಶುರುವಾಗುತ್ತದೆ.

ಇದಕ್ಕೆ ಅಮೆರಿಕದಿಂದ ಬಾರ್ ತರಿಸಬೇಕಿಲ್ಲ, ಲೇತ್ ಅಂಗಡಿಗೆ ಹೋಗಿ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮಷೀನುಗಳನ್ನೇ ತಯಾರಿಸುತ್ತಿದ್ದ ಸೀಮೆ ಇದು, ಈ ಕೆಲಸ ಗೊತ್ತಿರುವವರಿಗೆ ಇಲ್ಲಿ ಬರವಿಲ್ಲ. ಆದರೆ ‘ಗಿಟಾರ್ ಬಾರ್’ ಅಂದರೆ ಯಾರಿಗೂ ಅರ್ಥವಾಗುವುದಿಲ್ಲ. ಹೇಳಬೇಕಾದ್ದು ಹೀಗೆ: “ಅಣ್ಣಾ, ಎಸ್‌ಎಸ್ 304 ರಾಡು, ಹತ್ತೊಂಬತ್ತು ಎಂ.ಎಂ. ದಪ್ಪ, ಎಪ್ಪತ್ತೈದು ಉದ್ದ. ಒಂದು ತಲೆ ಅರ್ಧ ಚೆಂಡಿನ ಹಾಗೆ ಗುಂಡಗೆ, ಇನ್ನೊಂದು ಚಪ್ಪಟೆ, ಅದರ ಮಧ್ಯೆ ಹೆಬ್ಬೆರಳು ಕೂರುವಷ್ಟು ಗುಣಿ. ಮೇಲೆ ಬಫಿಂಗ್.” ಈ ಅಳತೆಗೆ ತೂಕ ಸುಮಾರು 160 ಗ್ರಾಂ ಬರುತ್ತದೆ, ಆರು ತಂತಿಗೆ ಹದ. ಅಲ್ಲೇ ಇನ್ನೊಂದು, 22 ಎಂ.ಎಂ. ದಪ್ಪ 85 ಉದ್ದದ್ದು ಮಾಡಿಸಿದರೆ 245 ಗ್ರಾಂ ಆಸುಪಾಸು ತೂಗುತ್ತದೆ. ನಾದ ಇನ್ನಷ್ಟು ಹೊತ್ತು ನಿಲ್ಲುತ್ತದೆ, ಆದರೆ ಅದು ಎಂಟು ಹತ್ತು ತಂತಿಯ ವಾದ್ಯಕ್ಕೆ ಸರಿ, ಹೊಸ ಕೈಗೆ ಭಾರ.

ಲೇತ್‌ನಿಂದ ಬಂದದ್ದನ್ನು ಹಾಗೇ ಬಳಸಬೇಡಿ. ಟೂಲ್ ಓಡಿದ ಸಣ್ಣ ಗೆರೆಗಳು ಕಣ್ಣಿಗೆ ಕಾಣದಿದ್ದರೂ ಉಗುರಿಗೆ ಸಿಗುತ್ತವೆ, ಸುತ್ತಿದ ದಪ್ಪ ತಂತಿಯ ಮೇಲೆ ಜಾರಿಸಿದಾಗ ಸರಸರ ಸದ್ದು ಬರುತ್ತದೆ. ರಾಡ್ ಇನ್ನೂ ಮಷೀನ್‌ನಲ್ಲಿ ತಿರುಗುತ್ತಿರುವಾಗಲೇ 220, 400, 800, 1500 ಹೀಗೆ ಪೇಪರ್ ಹಿಡಿದುಕೊಡಲು ಲೇತ್‌ನವರನ್ನೇ ಕೇಳಿ, ಕೊನೆಗೆ ಬಫಿಂಗ್. ನಡುವಿನ ನಂಬರ್ ಹಾರಿಸಿ ನೇರ ಬಫ್ ಮಾಡಿದರೆ ಹೊಳಪು ಬರುತ್ತದೆ, ಗೆರೆ ಹೋಗುವುದಿಲ್ಲ.

(ಪೆಡಲ್ ಸ್ಟೀಲ್ ಕೂಡ ಇಂಥ ಕಾರ್ಖಾನೆ ಕೈಗಳಿಂದಲೇ ಹುಟ್ಟಿದ್ದು. ಬಡ್ ಐಸಾಕ್ಸ್‌ರ ವಾದ್ಯ ಮಾಡಿಕೊಟ್ಟ ಪಾಲ್ ಬಿಗ್ಸ್‌ಬಿ ಕ್ಯಾಲಿಫೋರ್ನಿಯಾದಲ್ಲಿ ಮೋಟಾರ್‌ಸೈಕಲ್ ಬಿಡಿಭಾಗಗಳ ಕೆಲಸ ಮಾಡಿದ್ದವರು. 1948ರಲ್ಲಿ ಸ್ಪೀಡಿ ವೆಸ್ಟ್‌ಗೂ ಅವರೇ ಮಾಡಿಕೊಟ್ಟರು. ಹರಿಹರದ ಯಾರಾದರೂ ಹಳೆಯ ಫಿಟ್ಟರ್ ಮನಸ್ಸು ಮಾಡಿದರೆ ಇಲ್ಲೂ ಆಗದ ಕೆಲಸವೇನಲ್ಲ.)

ಪಿಕ್‌ಗಳು ಪರವಾಗಿಲ್ಲ. ಫಿಂಗರ್ ಪಿಕ್ ಸಡಿಲ ಇರುತ್ತದೆ, ನೋಸ್ ಪ್ಲೈಯರ್‌ನಲ್ಲಿ ಬಾಗಿಸಿಕೊಳ್ಳಿ. ಅಲಗು ಇರಬೇಕಾದದ್ದು ಬೆರಳಿನ ಹೊಟ್ಟೆಯ ಕಡೆ, ಉಗುರಿನ ಮೇಲಲ್ಲ. ಥಂಬ್ ಪಿಕ್ ಬಿಗಿಯಾದರೆ ಬಿಸಿನೀರಿನಲ್ಲಿ ಅದ್ದಿ ಅಗಲಿಸಿ.

ತಂತಿ ಮತ್ತು ಶ್ರುತಿಯ ಬಗ್ಗೆ ಕಿಟ್‌ನ ಚೀಟಿಯಲ್ಲಿ ಏನೂ ಇಲ್ಲ. ಗಿಟಾರ್‌ಗಳು ಹಾಳಾಗುವುದು ಇಲ್ಲೇ. ಅಂತರ್ಜಾಲದ ಪಾಠಗಳಲ್ಲಿ ಹೆಚ್ಚಿನವು ಡೋಬ್ರೋದವು (ಮೈಯಲ್ಲಿ ಲೋಹದ ತಟ್ಟೆ ಇರುವ ಗಿಟಾರ್), ಅವುಗಳ ಶ್ರುತಿ ದಪ್ಪ ತಂತಿಯಿಂದ ಜಿ-ಬಿ-ಡಿ-ಜಿ-ಬಿ-ಡಿ. ಮಾಮೂಲಿ ತಂತಿ ಇಟ್ಟುಕೊಂಡೇ ಈ ಶ್ರುತಿಗೆ ಹೋದರೆ 6ನೇ ತಂತಿ ಇ ಯಿಂದ ಜಿ ಗೆ ಏರಬೇಕು, ಅಂದರೆ ಬಿಗಿತ ಶೇ 41 ಹೆಚ್ಚು. 5ನೆಯದು ಎ ಯಿಂದ ಬಿ ಗೆ, ಶೇ 26 ಹೆಚ್ಚು. ಪ್ಲೈವುಡ್ ಮೈಯ ಅಗ್ಗದ ಗಿಟಾರ್‌ನಲ್ಲಿ ಮೊದಲು ಬ್ರಿಡ್ಜ್‌ನ ಹಿಂದಿನ ಅಂಚು ಏಳುತ್ತದೆ. ಕಾಗದದ ತುಂಡು ಅದರ ಕೆಳಗೆ ತೂರಿದರೆ ಗತಿ ಮುಗಿಯುತ್ತಾ ಬಂತು ಅಂತ ಲೆಕ್ಕ. ಏಪ್ರಿಲ್ ಮೇ ತಿಂಗಳಲ್ಲಿ ಮುಚ್ಚಿದ ಕಾರಿನಲ್ಲಿ ಬಿಟ್ಟರಂತೂ ಅಂಟು ಮೆತ್ತಗಾಗಿ ಇನ್ನೂ ಬೇಗ.

ಸುರಕ್ಷಿತ ಶ್ರುತಿ ಡಿ-ಎ-ಡಿ-ಎಫ್ ಶಾರ್ಪ್-ಎ-ಡಿ. ನಮ್ಮ ಸ್ವರದಲ್ಲಿ ದಪ್ಪದಿಂದ ತೆಳುವಿಗೆ ಸ-ಪ-ಸ-ಗ-ಪ-ಸ. ಯಾವ ತಂತಿಯೂ ಏರುವುದಿಲ್ಲ: 4 ಮತ್ತು 5 ಇದ್ದಲ್ಲೇ ಇರುತ್ತವೆ, 3ನೆಯದು ಅರ್ಧ ಸ್ವರ ಇಳಿಯುತ್ತದೆ, 1, 2, 6 ಒಂದೊಂದು ಸ್ವರ ಇಳಿಯುತ್ತವೆ. ಗಿಟಾರ್‌ಗೆ ಮೊದಲಿಗಿಂತ ಭಾರ ಕಡಿಮೆಯೇ. ಬಾರ್ ಇಲ್ಲದೆ ಮೀಟಿದರೆ ಷಡ್ಜದ ಕಾರ್ಡ್, 5ನೇ ಫ್ರೆಟ್‌ನಲ್ಲಿ ಮಧ್ಯಮದ್ದು, 7ರಲ್ಲಿ ಪಂಚಮದ್ದು, 12ರಲ್ಲಿ ಮೇಲಿನ ಷಡ್ಜ. ಹಳೆಯ ಕಂಟ್ರಿ ಹಾಡುಗಳಲ್ಲಿ ಬಹಳಷ್ಟು ಈ ಮೂರು ಕಾರ್ಡ್ ಬಿಟ್ಟು ಆಚೆ ಹೋಗುವುದಿಲ್ಲ.

ಆದರೆ ಇದರಲ್ಲಿ ಧೈವತ ಇಲ್ಲ, ಕಂಟ್ರಿಯ ಸಿಹಿ ಇರುವುದು ಧೈವತದಲ್ಲಿ. ಅದಕ್ಕೆ ಸಿ6 ಶ್ರುತಿ ಬೇಕು: ಸಿ-ಇ-ಜಿ-ಎ-ಸಿ-ಇ, ಅಂದರೆ ಸ-ಗ-ಪ-ಧ-ಸ-ಗ. ಕಿಟ್‌ನ ತಂತಿ ಸೆಟ್ ಇದಕ್ಕೆ ಬರುವುದೇ ಇಲ್ಲ. ಬಿಡಿ ತಂತಿ ಕೇಳಿ: ತೆಳುವಿನಿಂದ 15, 18, 22, 26, 30, 36 ಗೇಜ್ (ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ). ಈ ಗೇಜ್‌ಗಳು ಲ್ಯಾಪ್ ಸ್ಟೀಲ್‌ನ (ತೊಡೆಯ ಮೇಲಿಟ್ಟು ನುಡಿಸಲೆಂದೇ ಮಾಡಿದ ವಾದ್ಯ) 22.5 ಇಂಚು ಉದ್ದಕ್ಕೆ ಗೊತ್ತುಮಾಡಿದವು. ಅಕೂಸ್ಟಿಕ್ ಗಿಟಾರ್‌ನ ತಂತಿ ಉದ್ದ 25.5 ಇಂಚು. ಅದೇ ಗೇಜ್, ಅದೇ ಸ್ವರ, ಉದ್ದ ಜಾಸ್ತಿ ಅಂದರೆ ಬಿಗಿತ ಶೇ 28 ಹೆಚ್ಚಾಗುತ್ತದೆ. ಪರಿಹಾರ ಸುಲಭ: ಇಡೀ ಶ್ರುತಿಯನ್ನು ಒಂದು ಸ್ವರ ಇಳಿಸಿ ಬಿ ಫ್ಲ್ಯಾಟ್ 6 ಮಾಡಿಕೊಳ್ಳಿ. ಬಿಗಿತ ಲ್ಯಾಪ್ ಸ್ಟೀಲ್‌ನದಕ್ಕೇ ಹೆಚ್ಚುಕಡಿಮೆ ಸಮವಾಗುತ್ತದೆ. ಸಿ ಬೇಕಾದಾಗ ಬಾರ್ 2ನೇ ಫ್ರೆಟ್‌ನಲ್ಲಿ.

ಯಾರ ಹಾಡು ಹಿಡಿಯಬೇಕು? ಮೊದಲ ಹೆಸರು ಡಾನ್ ಹೆಲ್ಮ್ಸ್. ಹ್ಯಾಂಕ್ ವಿಲಿಯಮ್ಸ್‌ರ ‘ಕೋಲ್ಡ್ ಕೋಲ್ಡ್ ಹಾರ್ಟ್’ (1950), ‘ಯುವರ್ ಚೀಟಿನ್ ಹಾರ್ಟ್’ (1952) ಎರಡರಲ್ಲೂ ಅವರೇ. ಎರಡು ಕುತ್ತಿಗೆಯ ಗಿಬ್ಸನ್ ಕನ್ಸೋಲ್ ಗ್ರ್ಯಾಂಡ್ ವಾದ್ಯ, ಪೆಡಲ್ ಇಲ್ಲ. ಅವರ ಗುಟ್ಟು ಸ್ವರಗಳಿಗಿಂತ ಜಾಗದಲ್ಲಿದೆ: ಹಾಡುಗಾರನ ದನಿಗಿಂತ ಮೇಲೆ, ತೆಳು ತಂತಿಗಳ ಮೇಲ್ಭಾಗದಲ್ಲಿ ನುಡಿಸುತ್ತಾರೆ. ಸಾಲು ಮುಗಿದು ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಉತ್ತರ ಕೊಟ್ಟು ಸುಮ್ಮನಾಗುತ್ತಾರೆ. ಆರ್ಕೆಸ್ಟ್ರಾದಲ್ಲಿ ಸಾಲು ಸಾಲಿಗೂ ಫಿಲ್ಲರ್ ತುರುಕುವವರು ಇದನ್ನು ಕೇಳಬೇಕು. ಕಿಟ್‌ನಲ್ಲಿ 12ನೇ ಫ್ರೆಟ್‌ನಿಂದ ಮೇಲೆ, ಮೂರು ತೆಳು ತಂತಿಗಳಲ್ಲಿ ಈ ಕೆಲಸ ಆಗುತ್ತದೆ. ಗಿಟಾರ್‌ನ ಮೈ ಅಲ್ಲಿ ಅಡ್ಡ ಬರುವುದಿಲ್ಲ, ಕೈ ತಂತಿಯ ಮೇಲಿರುತ್ತದಲ್ಲ.

ಎರಡನೆಯವರು ಜೆರ್ರಿ ಬರ್ಡ್. 1949ರಲ್ಲಿ ಸಿನ್ಸಿನಾಟಿಯಲ್ಲಿ ಧ್ವನಿಮುದ್ರಣವಾದ ಹ್ಯಾಂಕ್‌ರ ‘ಐ ಆಮ್ ಸೋ ಲೋನ್‌ಸಮ್ ಐ ಕುಡ್ ಕ್ರೈ’ಯಲ್ಲಿ ಸ್ಟೀಲ್ ಅವರದು. ಸಿ6 ಶ್ರುತಿಯನ್ನು ತಂದ ಹೆಗ್ಗಳಿಕೆಯೂ ಅವರಿಗೇ ಸಲ್ಲುತ್ತದೆ. ಉಳಿದವರೆಲ್ಲ ಪೆಡಲ್‌ಗೆ ಹೋದರೂ ಅವರು ಹೋಗಲಿಲ್ಲ. ಪೆಡಲ್ ಮಾಡುವ ಕೆಲಸದಲ್ಲಿ ಸ್ವಲ್ಪವನ್ನು ಬಾರ್ ಓರೆ ಹಿಡಿದು ಮಾಡಿಸುತ್ತಿದ್ದರು. ಬಾರ್‌ನ ಗುಂಡು ತುದಿ, ಅಂದರೆ 1ನೇ ತಂತಿಯ ಕಡೆಯದು, ಬ್ರಿಡ್ಜ್ ಕಡೆಗೆ ಒಂದು ಫ್ರೆಟ್ ಮುಂದೆ. ಹೆಬ್ಬೆರಳಿನ ತುದಿ ಹಿಂದೆ. ಆಗ ಎರಡು ತಂತಿಗಳ ನಡುವಿನ ಅಂತರವೇ ಬದಲಾಗುತ್ತದೆ. ಉದಾಹರಣೆಗೆ ಡಿ ಶ್ರುತಿಯಲ್ಲಿ 3ನೇ ತಂತಿಯ ಗ ಮತ್ತು 1ನೇ ತಂತಿಯ ಸ, 12ನೇ ಫ್ರೆಟ್‌ನಲ್ಲಿ ಬಾರ್ ನೇರ. ಅಲ್ಲಿಂದ 3ನೇ ತಂತಿ 13ಕ್ಕೆ, 1ನೇ ತಂತಿ 14ಕ್ಕೆ ಬರುವಂತೆ ಓರೆ ಮಾಡಿದರೆ ಮ ಮತ್ತು ರಿ. ಲೇತ್‌ನಲ್ಲಿ ಕೊರೆಸಿದ ಗುಣಿಯ ಉಪಯೋಗ ಗೊತ್ತಾಗುವುದು ಆಗ. ಇದನ್ನು 1–2ನೇ ಫ್ರೆಟ್‌ನಲ್ಲಿ ಕಲಿಯಲು ಹೋಗಬೇಡಿ: ಅಲ್ಲಿ ಫ್ರೆಟ್‌ಗಳ ನಡುವೆ 34 ಎಂ.ಎಂ. ಅಂತರ, ಬಾರ್ ಅಡ್ಡಡ್ಡ ತಿರುಗಿಬಿಡುತ್ತದೆ. 12–13ರ ನಡುವೆ 18 ಎಂ.ಎಂ. ಮಾತ್ರ, ಮಣಿಕಟ್ಟಿನ ಸಣ್ಣ ತಿರುವಿಗೆ ಮುಗಿಯುತ್ತದೆ.

ಶ್ರುತಿ ಶುದ್ಧವಾಗಿರಲು ಎರಡೇ ಮಾತು. ಬಾರ್ ಇರಬೇಕಾದದ್ದು ಫ್ರೆಟ್ ಕಂಬಿಯ ನೇರ ಮೇಲೆ, ಬೆರಳಲ್ಲಿ ಒತ್ತುವವರ ಹಾಗೆ ಅದರ ಹಿಂದಲ್ಲ. ತಂತಿ 10 ಎಂ.ಎಂ. ಮೇಲಿರುವುದರಿಂದ ಪಕ್ಕದಿಂದ ನೋಡಿದರೆ ಕಣ್ಣು ಮೋಸ ಮಾಡುತ್ತದೆ, ತಲೆ ಬಾರ್‌ನ ನೇರಕ್ಕೆ ತನ್ನಿ. ಮತ್ತು ಬಾರ್‌ನ ಹಿಂದೆ, ನಟ್ ಕಡೆಗೆ, ಉಂಗುರದ ಬೆರಳು ಕಿರುಬೆರಳು ತಂತಿಗಳ ಮೇಲೆ ಹಗುರವಾಗಿ ಎಳೆದುಕೊಂಡು ಬರಲಿ. ಅವು ಎತ್ತಿದ್ದರೆ ಬಾರ್‌ನ ಹಿಂಭಾಗದ ತಂತಿಯೂ ಮೊಳಗಿ ನಾದ ಕಲಕುತ್ತದೆ. ಬಲಗೈಯಲ್ಲಿ ಅಂಗೈಯ ಅಂಚು ಪ್ರತಿ ಮೀಟಿನ ನಂತರ ತಂತಿಯನ್ನು ಮುಚ್ಚಬೇಕು. ಇದಿಲ್ಲದೆ ಹೆಲ್ಮ್ಸ್‌ರ ಒಂದು ಸಾಲೂ ಹೆಲ್ಮ್ಸ್‌ರ ಹಾಗೆ ಕೇಳುವುದಿಲ್ಲ.

ವೇಗ ಬೇಕು ಅನ್ನುವವರಿಗೆ ಲಿಯಾನ್ ಮೆಕಾಲಿಫ್ ಇದ್ದಾರೆ. ಬಾಬ್ ವಿಲ್ಸ್ ತಂಡದೊಂದಿಗೆ 1936ರಲ್ಲಿ ಧ್ವನಿಮುದ್ರಿಸಿದ ‘ಸ್ಟೀಲ್ ಗಿಟಾರ್ ರ‍್ಯಾಗ್’ ಡಿ ಶ್ರುತಿಯಲ್ಲೇ ಚೆನ್ನಾಗಿ ಕೂರುತ್ತದೆ. ಅದರ ಮೂಲ ಸಿಲ್ವೆಸ್ಟರ್ ವೀವರ್ 1923ರಲ್ಲಿ ನುಡಿಸಿದ ‘ಗಿಟಾರ್ ರ‍್ಯಾಗ್’, ಎರಡನ್ನೂ ಒಂದರ ಹಿಂದೊಂದು ಕೇಳಿ.

ಈ ಕಿಟ್ ಹಿಡಿದು ಹೋಗಬಾರದ ಕಡೆಗಳನ್ನೂ ಹೇಳಬೇಕು. ಬಕ್ ಓವೆನ್ಸ್‌ರ ‘ಟುಗೆದರ್ ಅಗೇನ್’ನಲ್ಲಿ (1964) ಟಾಮ್ ಬ್ರಮ್ಲಿ, ಕಾನಿ ಸ್ಮಿತ್‌ರ ‘ಒನ್ಸ್ ಎ ಡೇ’ಯಲ್ಲಿ (1964) ವೆಲ್ಡನ್ ಮೈರಿಕ್, ಮರ್ಲ್ ಹ್ಯಾಗರ್ಡ್‌ರ ‘ಸ್ವಿಂಗಿಂಗ್ ಡೋರ್ಸ್’ನಲ್ಲಿ (1966) ರಾಲ್ಫ್ ಮೂನಿ, ಟ್ಯಾಮಿ ವೈನೆಟ್‌ರ ‘ಸ್ಟ್ಯಾಂಡ್ ಬೈ ಯುವರ್ ಮ್ಯಾನ್’ನಲ್ಲಿ (1968) ಪೀಟ್ ಡ್ರೇಕ್. ರಾಕ್ ಕೇಳುವವರಿಗೆ ಗೊತ್ತಿರುವ ಬಾಬ್ ಡಿಲನ್‌ರ ‘ಲೇ ಲೇಡಿ ಲೇ’ಯಲ್ಲೂ (1969) ಡ್ರೇಕ್ ಅವರೇ. ಇವೆಲ್ಲ ಪೆಡಲ್ ಕೆಲಸ. ಬ್ರಮ್ಲಿಯ ಆ ಒಂದು ಸೋಲೋ ಕೇಳಿಯೇ ಸ್ಟೀಲ್ ಕಲಿಯಬೇಕು ಅಂತ ಹೊರಟವರು ಈ ಕಿಟ್ ಕೊಂಡರೆ ಸಿಟ್ಟು ಬರುವುದು ಖಂಡಿತ. ಒಂದು ಅಡ್ಡದಾರಿ ಇದೆ: ಬಾರ್‌ನ ಹಿಂದೆ ಉಂಗುರದ ಬೆರಳಿನಿಂದ ಒಂದು ತಂತಿಯನ್ನು ಎಳೆದು ಸ್ವರ ಏರಿಸುವುದು. ಗ ದಿಂದ ಮ ಕ್ಕೆ ಅರ್ಧ ಸ್ವರ ಆದ್ದರಿಂದ ಸುತ್ತಿಲ್ಲದ ತಂತಿಯಲ್ಲಿ ಸಾಧ್ಯ. ಪ ದಿಂದ ಧ ಕ್ಕೆ ಪೂರ್ತಿ ಸ್ವರ, ಅಕೂಸ್ಟಿಕ್‌ನ ಬಿಗಿತದಲ್ಲಿ ಬೆರಳು ನೋವೇ ಹೆಚ್ಚು.

ಕೇಳಲು ಹಾಡು ಆರಿಸುವಾಗಲೂ ಎಚ್ಚರ. ಆ್ಯಪ್‌ಗಳಲ್ಲಿ ಅಗ್ಗದ ಸಂಕಲನಗಳು ತುಂಬಾ ಇವೆ, ಅವುಗಳಲ್ಲಿ ಅದೇ ಗಾಯಕರು ಎಷ್ಟೋ ವರ್ಷಗಳ ನಂತರ ಮತ್ತೆ ಹಾಡಿದ ಆವೃತ್ತಿ ಇರುತ್ತದೆ, ಸ್ಟೀಲ್ ನುಡಿಸಿದವರು ಬೇರೆ ಯಾರೋ. ‘ರೀ-ರೆಕಾರ್ಡೆಡ್’ ಅಂತ ಕಂಡರೆ ಬಿಡಿ. ಹ್ಯಾಂಕ್ ವಿಲಿಯಮ್ಸ್‌ರ ಹಳೆಯ ಮುದ್ರಣಗಳ ಮೇಲೆ 1960ರ ದಶಕದಲ್ಲಿ ಕಂಪನಿಯವರು ಪಿಟೀಲು ಗುಂಪನ್ನು ಹೇರಿ ಮತ್ತೆ ಮಾರಿದ್ದೂ ಉಂಟು. ಅದರಲ್ಲಿ ಹೆಲ್ಮ್ಸ್ ಅರ್ಧ ಮುಳುಗಿರುತ್ತಾರೆ.

ವೇದಿಕೆಗೆ ಒಯ್ಯುವುದಾದರೆ ಕಿಟ್‌ನ ಬ್ರಾಂಜ್ ತಂತಿ ತೆಗೆದುಹಾಕಿ. ಸೌಂಡ್‌ಹೋಲ್‌ಗೆ ಸಿಕ್ಕಿಸುವ ಮ್ಯಾಗ್ನೆಟಿಕ್ ಪಿಕಪ್‌ಗೆ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸಾಧನ) ಬ್ರಾಂಜ್ ಸುತ್ತು ಕೇಳಿಸುವುದಿಲ್ಲ, ಒಳಗಿನ ಉಕ್ಕಿನ ಎಳೆ ಮಾತ್ರ ಕೇಳಿಸುತ್ತದೆ. ಹಾಗಾಗಿ ತೆಳು ತಂತಿಗಳು ಕಿರುಚುತ್ತವೆ, ದಪ್ಪವು ಮೂಕವಾಗುತ್ತವೆ. ನಿಕ್ಕಲ್ ಸುತ್ತಿನ ಎಲೆಕ್ಟ್ರಿಕ್ ಗಿಟಾರ್ ತಂತಿ ಹಾಕಿ. ಆಮೇಲೆ ವಾಲ್ಯೂಮ್ ಪೆಡಲ್. ಮೀಟಿದ ಪೆಟ್ಟು ಮರೆಯಾಗಿ ಸ್ವರ ಮೆಲ್ಲಗೆ ಉಬ್ಬಿ ಬರುವುದು, ಆರುತ್ತಿರುವ ನಾದವನ್ನು ಕಾಲಿನಿಂದ ಎತ್ತಿ ಹಿಡಿಯುವುದು, ಎರಡೂ ಅದರ ಕೆಲಸ. ಕೀಬೋರ್ಡ್‌ನವರ ಪೆಡಲ್ ಎರವಲು ತರಬೇಡಿ. ಅದು ಸಾಮಾನ್ಯವಾಗಿ 25ರಿಂದ 50 ಕಿಲೋಓಮ್‌ನದು, ಮ್ಯಾಗ್ನೆಟಿಕ್ ಪಿಕಪ್‌ಗೆ ನೇರ ಜೋಡಿಸಿದರೆ ಟ್ರೆಬಲ್ ಸತ್ತುಹೋಗಿ ಕಂಬಳಿ ಹೊದಿಸಿದ ಹಾಗೆ ಕೇಳಿಸುತ್ತದೆ. 250 ಅಥವಾ 500 ಕಿಲೋಓಮ್‌ನ ಗಿಟಾರ್ ಪೆಡಲ್ಲೇ ಬೇಕು. ಗಣೇಶನ ಪೆಂಡಾಲ್‌ಗಳಲ್ಲಿ ಡಿಮ್ಮರ್ ಹಾಕಿದ ಸೀರಿಯಲ್ ಸೆಟ್ ಪಕ್ಕದಲ್ಲಿದ್ದರೆ ಪಿಕಪ್ ಗುಂಯ್ ಅನ್ನುತ್ತದೆ. ಕುರ್ಚಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದರೆ ಒಂದು ದಿಕ್ಕಿನಲ್ಲಿ ಸದ್ದು ಬಹಳ ಕಡಿಮೆಯಾಗುತ್ತದೆ, ಕಾರ್ಯಕ್ರಮ ಶುರುವಾಗುವ ಮುಂಚೆಯೇ ಆ ದಿಕ್ಕು ಹುಡುಕಿ ಕುರ್ಚಿ ಕಾಲಿಗೆ ಗುರುತು ಹಾಕಿ. ಕುರ್ಚಿಗೆ ಕೈ ಇರಬಾರದು.

ಪೆಡಲ್ ಸ್ಟೀಲ್ ಅಂತ ಅಂಗಡಿಯಲ್ಲಿ ಕೇಳಿದರೆ ಕೆಲವರು ಎಫೆಕ್ಟ್ ಪೆಡಲ್ (ಗಿಟಾರ್‌ನ ದನಿ ಬದಲಿಸುವ ಡಬ್ಬಿ) ತೋರಿಸುತ್ತಾರೆ. ನಿಜವಾದದ್ದು ನಾಲ್ಕು ಕಾಲಿನ ಮೇಲೆ ನಿಲ್ಲುವ ಹತ್ತು ತಂತಿಯ ವಾದ್ಯ, ಮೂರು ಪೆಡಲ್, ಮೊಣಕಾಲಿನಿಂದ ತಳ್ಳುವ ಲಿವರ್‌ಗಳು, ತೂಕ ಹತ್ತು ಕಿಲೋ ಮೀರುತ್ತದೆ. ಹೊರದೇಶದಿಂದ ತರಿಸಬೇಕು. ತರಿಸುವ ಮುಂಚೆ ಮಾರುವವರಿಗೆ ಮೂರು ಪ್ರಶ್ನೆ ಹಾಕಿ: ಇ9 ಶ್ರುತಿಗೇ ಸಿದ್ಧಪಡಿಸಿದ್ದಾ, ಮೊಣಕಾಲಿನ ಲಿವರ್ ಎಷ್ಟು, ಶ್ರುತಿ ತಿದ್ದುವ ನಟ್‌ಗಳಿಗೆ ಬೇಕಾದ ಕೀ ಜೊತೆಗಿದೆಯಾ. ಆ ಕೀ ಇಲ್ಲದಿದ್ದರೆ ಪೆಡಲ್ ಒತ್ತಿದಾಗಿನ ಸ್ವರವನ್ನು ಸರಿಮಾಡಲು ಆಗುವುದಿಲ್ಲ, ಮತ್ತೆ ಲೇತ್ ಅಂಗಡಿಗೇ ಹೋಗಬೇಕಾಗುತ್ತದೆ.